ನಾಲ್ಕು ತಿಂಗಳಿಂದ ಫೆಲೋಶಿಪ್ ಇಲ್ಲ. ಗೈಡ್ ಗ್ರಾಂಟ್‌ನಲ್ಲೇ ಸಂಬಳ ಜಾಸ್ತಿ ಬರೆಯಬಹುದಲ್ವಾ?

ಪಿಪೆಟ್‌_ಹುಡುಗಿ: ಬೆಂಗಳೂರಲ್ಲಿ ಪ್ರಾಜೆಕ್ಟ್ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಆಗಿದ್ದೇನೆ. ಕಾಗದದ ಮೇಲೆ 37,000, ಜೊತೆಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) 30%, ಒಟ್ಟು 48,100. ಕೇಳೋಕೆ ಚೆನ್ನಾಗಿದೆ. ಆದರೆ ನಾಲ್ಕು ತಿಂಗಳಿಂದ ಒಂದು ರೂಪಾಯಿ ಬಂದಿಲ್ಲ, ಬಾಡಿಗೆಗೆ ಅಪ್ಪನ ಹತ್ತಿರ ಕೇಳುತ್ತಿದ್ದೇನೆ, 27 ವರ್ಷಕ್ಕೆ! ಗ್ರಾಂಟ್ ಬರೆಯುವಾಗಲೇ ಗೈಡ್ ಸರಿಯಾದ ಸಂಬಳ ಕೇಳಿದ್ದರೆ ಆಗುತ್ತಿರಲಿಲ್ವಾ?

ಮೇಷ್ಟ್ರು_ಧಾರವಾಡ: ಆಗಲ್ಲಮ್ಮ. ಪ್ರಪೋಸಲ್‌ನಲ್ಲಿ ಮೆಷಿನ್‌ಗೆ ಎಷ್ಟು ಬೇಕು ಅಂತ ನಾವು ಬರೆಯಬಹುದು, ಜೆಆರ್‌ಎಫ್ ದರ ಮಾತ್ರ ಡಿಎಸ್‌ಟಿ (ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ) ಆದೇಶದಲ್ಲಿ ಇದ್ದಷ್ಟೇ. 2019ರಲ್ಲಿ 31,000 ಮಾಡಿದರು, ಆಮೇಲೆ 2023ರ ಜನವರಿಯಿಂದ 37,000. ಅದೂ ಆದೇಶ ಕೈಗೆ ಬಂದಿದ್ದು ಜೂನ್‌ನಲ್ಲಿ, ನನ್ನ ಪ್ರಾಜೆಕ್ಟ್ ಹಳೇ ದರಕ್ಕೆ ಸ್ಯಾಂಕ್ಷನ್ ಆಗಿತ್ತು, ವ್ಯತ್ಯಾಸದ ದುಡ್ಡಿಗೆ ನಾನೇ ಪತ್ರ ಬರೆದೂ ಬರೆದೂ ಸಾಕಾಯಿತು. ನಿನ್ನ ಸಮಸ್ಯೆ ದರದ್ದಲ್ಲ, ಯುಸಿದು ಇರಬೇಕು, ಅಂದರೆ ಕೊಟ್ಟ ದುಡ್ಡು ಖರ್ಚಾಗಿದ್ದಕ್ಕೆ ಕಳಿಸುವ ಬಳಕೆ ಪ್ರಮಾಣಪತ್ರ. ಹಿಂದಿನ ಕಂತಿನ ಲೆಕ್ಕ ಹೋಗದೆ ಮುಂದಿನ ಕಂತು ಬರಲ್ಲ. ಅಕೌಂಟ್ಸ್‌ನಲ್ಲಿ ಕೇಳಿ ನೋಡು.

ಸುಮ್ನೆ_ಓದುಗ: 48,100 ಬರುತ್ತೆ ಅಂತಾದರೂ ಇದೆ ನಿಮಗೆ. ಕೇಂದ್ರೀಯ ವಿವಿಯಲ್ಲಿ ಪಿಎಚ್‌ಡಿ ಮಾಡುವ ನಾನ್-ನೆಟ್‌ನವರಿಗೆ (ನೆಟ್ ಪರೀಕ್ಷೆಯ ಫೆಲೋಶಿಪ್ ಇಲ್ಲದವರಿಗೆ) ತಿಂಗಳಿಗೆ 8,000. ಪಿಜಿ ಬಾಡಿಗೆಗೇ ಸಾಲಲ್ಲ.

ರೈನ್‌_ದಂಡೆ: ಜರ್ಮನಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲಿ ನಾವು ನೌಕರರು, ಕಾಂಟ್ರಾಕ್ಟ್ ವಿವಿ ಜೊತೆ. ಸಂಬಳ ಟಿವಿ-ಎಲ್ ಇ13 ಅನ್ನುವ ದರ್ಜೆಯದು, ಯೂನಿಯನ್‌ನವರೂ ರಾಜ್ಯಗಳೂ ಕೂತು ಚೌಕಾಸಿ ಮಾಡಿ ನಿಗದಿ ಮಾಡುವುದು. ಸ್ವರ್ಗ ಅಂದುಕೊಳ್ಳಬೇಡಿ, ಎಷ್ಟೋ ಜನರ ಕಾಂಟ್ರಾಕ್ಟ್ 65% ಮಾತ್ರ, ಕೆಲಸ ಮಾತ್ರ ನೂರಕ್ಕೆ ನೂರು. ಆದರೆ ಗ್ರಾಂಟ್ ದುಡ್ಡು ತಡವಾದರೆ ಅದು ವಿವಿಯ ತಲೆನೋವು, ನನ್ನದಲ್ಲ. ಭಾರತದಲ್ಲೂ ಸಂಸ್ಥೆಗಳು ಗ್ರಾಂಟ್‌ನಿಂದ ಓವರ್‌ಹೆಡ್ ಅಂತ ತಮ್ಮ ಖರ್ಚಿಗೆ ಒಂದು ಪಾಲು ತಗೊಳ್ಳುತ್ತವಲ್ಲ ಸರ್, ಅದರಿಂದ ಮುಂಗಡ ಕೊಡೋಕೆ ಏನಂತೆ?

ಮೇಷ್ಟ್ರು_ಧಾರವಾಡ: ಕೊಡಬಹುದು. ಕೆಲವು ಕಡೆ ಕೊಡುತ್ತಾರೆ, ಆಮೇಲೆ ಕಂತು ಬಂದಾಗ ಮುರಿದುಕೊಳ್ಳುತ್ತಾರೆ. ಡೈರೆಕ್ಟರ್ ಮನಸ್ಸು ಮಾಡಬೇಕು ಅಷ್ಟೇ. ಗೈಡ್ ಸಹಿ ಹಾಕಿಸಿ ಅರ್ಜಿ ಕೊಡು, ಬಾಯಿಮಾತಿಗೆ ಇಲ್ಲಿ ಯಾರೂ ಫೈಲ್ ತೆರೆಯಲ್ಲ.

ಪಿಪೆಟ್‌_ಹುಡುಗಿ: ಅಕೌಂಟ್ಸ್‌ಗೆ ಹೋಗಿ ಬಂದೆ. ಸರ್ ಹೇಳಿದ್ದೇ ನಿಜ, ಯುಸಿ ಇನ್ನೂ ಹೋಗಿಲ್ಲ. ಲ್ಯಾಬ್‌ನ ಸೆಂಟ್ರಿಫ್ಯೂಜ್ ಮೆಷಿನ್‌ನ ಬಿಲ್ ಒಂದು ಬಾಕಿಯಂತೆ, ಅದಕ್ಕೆ ನನ್ನ ಊಟ ನಿಂತಿದೆ. ನಾಳೆ ಮುಂಗಡಕ್ಕೆ ಅರ್ಜಿ ಹಾಕುತ್ತೇನೆ.