ಆಕರ್ಸೆಲ್ವಾ ಇಷ್ಟು ಚಿಕ್ಕ ನದಿ, ಆದ್ರೂ ಇಷ್ಟೊಂದು ಫಾಲ್ಸ್ ಹೇಗೆ?

ಪ್ರಶ್ನೆ: ನಾರ್ವೆಯ ಓಸ್ಲೋ ಮಧ್ಯದಲ್ಲಿ ಹರಿಯೋ ಆಕರ್ಸೆಲ್ವಾ 10 ಕಿ.ಮೀ. ಕೂಡ ಇಲ್ವಂತೆ, ಮತ್ತೆ ಅಷ್ಟೊಂದು ಫ್ಯಾಕ್ಟರಿ ಅದರ ದಡದಲ್ಲೇ ಯಾಕೆ ಬಂದ್ವು?

ಉತ್ತರ 1: ಇಳಿಜಾರೇ ಕಾರಣ ಕಣ್ರೀ. ನದಿ ಹುಟ್ಟೋ ಮಾರಿದಾಲ್ಸ್‌ವಾನೆಟ್ ಕೆರೆ ಸಮುದ್ರಮಟ್ಟದಿಂದ 149 ಮೀಟರ್ ಮೇಲಿದೆ, ಅಲ್ಲಿಂದ ಫ್ಯೋರ್ಡ್‌ವರೆಗೆ (ಒಳನಾಡಿಗೆ ಚಾಚಿರೋ ಸಮುದ್ರದ ಕಿರುದಾರಿ) ಅಷ್ಟೂ ಎತ್ತರನ ಇಷ್ಟೇ ದೂರದಲ್ಲಿ ಇಳೀಬೇಕಲ್ಲ, ಅದಕ್ಕೇ 20ಕ್ಕೂ ಹೆಚ್ಚು ಫಾಲ್ಸ್, ಆ ನೀರಿನ ಬಲದಿಂದಾನೇ ಮೊದಲು ಹಿಟ್ಟಿನ ಗಿರಣಿ, ಗರಗಸದ ಮಿಲ್ಲು, ಆಮೇಲೆ 1800ರ ದಶಕಗಳಲ್ಲಿ ಬಟ್ಟೆ ಮಿಲ್ಲುಗಳು ಓಡಿದ್ದು.

ಉತ್ತರ 2: ಆ ಕೆರೆನೇ ಊರಿಗೆ ಕುಡಿಯೋ ನೀರು ಕೊಡೋದು. 2011ರಲ್ಲಿ ನದಿಗೆ ಕ್ಲೋರಿನ್ ಲೀಕ್ ಆಗಿ ಮೀನೆಲ್ಲ ಸತ್ತಿದ್ದು ನೆನೆಸ್ಕೊಂಡ್ರೆ ಈಗ್ಲೂ ಸಂಕಟ ಆಗುತ್ತೆ.

ಉತ್ತರ 3: ನದಿಗೆ ಸಾಲ್ಮನ್ ಮೀನು ಮತ್ತೆ ಬಂದಿದೆ! ನೆದ್ರೆ ಫೊಸ್ ಅನ್ನೋ ಫಾಲ್ಸ್ ಹತ್ರ ನೊರೆ ಒಳಗಿಂದ ಬೆಳ್ಳಿ ಥರ ಮಿಂಚಿ ಹಾರುತ್ತೆ, ಸುತ್ತ ಬರೀ ಬಿಲ್ಡಿಂಗು.