ಸಹಾಯ ಬೇಕು: ಬಿಡದ ಜ್ವರ, ಕಂಕುಳಲ್ಲಿ ಕಪ್ಪು ಹಕ್ಕಳೆ

ನಾವು ಕುಷ್ಟಗಿ ಕಡೆಯವರು. ಕಾಕಾ ಕುರಿ ಕಾಯುತ್ತಾರೆ, ಮಳೆ ಬಿದ್ದ ಮೇಲೆ ಇಡೀ ದಿನ ಹುಲ್ಲು, ಪೊದೆಗಳಲ್ಲೇ. ವಾರ ದಾಟಿದರೂ ಜ್ವರ, ತಲೆನೋವು ಬಿಟ್ಟಿಲ್ಲ. ಡೆಂಗಿ, ಮಲೇರಿಯಾ ಎರಡೂ ನೆಗೆಟಿವ್. ಕಂಕುಳಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಇದೆ, ಸುತ್ತ ಕೆಂಪು, ಮುಟ್ಟಿದರೂ ನೋವಿಲ್ಲ. ಅದನ್ನು ನೋಡಿಯೇ ಡಾಕ್ಟರು ಸ್ಕ್ರಬ್ ಟೈಫಸ್ ಇರಬಹುದು ಎಂದು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದರು.

ಊರಲ್ಲಿ ಮಾತ್ರ, ಕುರಿ ಮೈಮೇಲಿನ ಉಣ್ಣಿ (ಉಣುಗು) ಕಚ್ಚಿ ಮಂಗನ ಕಾಯಿಲೆ ಬಂದಿದೆ ಅಂತ ಸುಮ್ನೆ ಹೆದರಿಸುತ್ತಿದ್ದಾರೆ. ಅದು ಮಲೆನಾಡಿನ ಕಾಡಿನದಲ್ವಾ? ಸ್ಕ್ರಬ್ ಟೈಫಸ್ ಹರಡೋದು ಸಣ್ಣ ನುಸಿಯ (ಮೈಟ್) ಮರಿ ಅಂತೆ.

ಈಗ ಸ್ಕ್ರಬ್ ಟೈಫಸ್‌ಗೆ ಮಾಡಿಸಿದ ವೀಲ್-ಫೆಲಿಕ್ಸ್ ಎಂಬ ರಕ್ತದ ಟೆಸ್ಟ್ ನೆಗೆಟಿವ್ ಬಂದಿದೆ. ಮತ್ಯಾಕೆ ಮಾತ್ರೆ ಅಂತ ಮನೆಯವರ ವಾದ. ಈ ಟೆಸ್ಟ್‌ಗೆ ಎಷ್ಟೋ ಸಲ ರೋಗ ಸಿಗುವುದೇ ಇಲ್ಲ ಅಂತಲೂ ಕೇಳಿದ್ದೇನೆ.

ಗೊತ್ತಿರುವವರು ಹೇಳಿ: ಮಾತ್ರೆ ನಿಲ್ಲಿಸದೆ, ಇದೇ ರೋಗಕ್ಕೆ ಮಾಡುವ ಐಜಿಎಂ ಎಲೈಸಾ ಎಂಬ ಇನ್ನೊಂದು ರಕ್ತದ ಟೆಸ್ಟ್ ಮಾಡಿಸಬೇಕಾ? ಕೊಪ್ಪಳ, ಬಳ್ಳಾರಿಯಲ್ಲಿ ಅದನ್ನು ಎಲ್ಲಿ ಮಾಡುತ್ತಾರೆ?