ಮಲಗುವಾಗ 82, ಎದ್ದಾಗ 47: ರಾತ್ರಿ ಹೋದ ಚಾರ್ಜ್ ಎಲ್ಲಿಗೆ ಹೋಯ್ತು?

ಪ್ರಶ್ನೆ – ಕೊಪ್ಪ ಕಡೆಯ ಸದಸ್ಯರು

ಸರ್, ನಮಸ್ಕಾರ. ಎರಡು ವರ್ಷದ ಆಂಡ್ರಾಯ್ಡ್ ಫೋನು, 5000 ಎಂಎಎಚ್ ಬ್ಯಾಟರಿ, ಎರಡು ಸಿಮ್. ರಾತ್ರಿ ಹತ್ತೂವರೆಗೆ 82 ಪರ್ಸೆಂಟ್ ಇದ್ದದ್ದು ಬೆಳಿಗ್ಗೆ ಆರಕ್ಕೆ 47. ನಡುವೆ ಯಾರೂ ಮುಟ್ಟಿಲ್ಲ. ಚಿಕ್ಕಮಗಳೂರಿಗೆ ಹೋದ ದಿನ ಸಂಜೆಯವರೆಗೂ ಚಾರ್ಜ್ ನಿಲ್ಲುತ್ತೆ, ಮನೇಲಿದ್ದರೆ ಮಾತ್ರ ಹೀಗೆ. ಬ್ಯಾಟರಿ ಯೂಸೇಜ್ ತೆಗೆದು ನೋಡಿದರೆ ಯಾವ ಆ್ಯಪ್ಪೂ 3 ಪರ್ಸೆಂಟ್ ದಾಟಿಲ್ಲ. ಅಂಗಡಿಯವರು ಬ್ಯಾಟರಿ ಬದಲಿಸಿ ಅಂತಾರೆ. ಬದಲಿಸಲಾ?

ಉತ್ತರ – ರಿಪೇರಿ ಟೇಬಲ್

ಈಗಲೇ ಬೇಡ ಸರ್. ಮೊದಲು ಲೆಕ್ಕ ಹಾಕೋಣ. 5000ದಲ್ಲಿ 35 ಪರ್ಸೆಂಟ್ ಅಂದ್ರೆ 1750 ಎಂಎಎಚ್. ಅದನ್ನು ಏಳೂವರೆ ಗಂಟೆಗೆ ಭಾಗಿಸಿದರೆ ಫೋನು ರಾತ್ರಿಯಿಡೀ ಸರಾಸರಿ 233 ಮಿಲಿಆಂಪ್ ಎಳೆದಿದೆ. ಸರಿಯಾಗಿ ಮಲಗುವ ಫೋನು ನೆಟ್‌ವರ್ಕ್ ಹಿಡಿದುಕೊಂಡೇ 20–30 ಮಿಲಿಆಂಪಿನಲ್ಲಿ ರಾತ್ರಿ ಕಳೆಯುತ್ತೆ, ಬೆಳಿಗ್ಗೆಗೆ 3ರಿಂದ 5 ಪರ್ಸೆಂಟ್ ಇಳಿದಿರುತ್ತೆ. ನಿಮ್ಮದು ಅದರ ಎಂಟು-ಹತ್ತು ಪಟ್ಟು.

ಹಳೇ ಬ್ಯಾಟರಿಯಿಂದ ಇಷ್ಟು ವ್ಯತ್ಯಾಸ ಬರೋದಿಲ್ಲ. 5000 ಹಿಡಿಯುತ್ತಿದ್ದದ್ದು ಸವೆದು 4000ಕ್ಕೆ ಬಂದಿದೆ ಅಂತಲೇ ಇಟ್ಟುಕೊಳ್ಳಿ, 4 ಪರ್ಸೆಂಟ್ ಇಳಿಯುವ ಕಡೆ 5 ಇಳಿದೀತು, ಅಷ್ಟೇ. 35 ಇಳಿದಿದೆ ಅಂದ್ರೆ ಏನೋ ಒಂದು ಬೆಳಗಿನವರೆಗೂ ಕೆಲಸ ಮಾಡುತ್ತಾ ಇದೆ. ಹೊಸ ಬ್ಯಾಟರಿ ಹಾಕಿದರೆ ಅದನ್ನೂ ಅದೇ ಕುಡಿಯುತ್ತೆ.

ಇವತ್ತು ರಾತ್ರಿ ಹೀಗೆ ಮಾಡಿ. 80ರ ಆಸುಪಾಸು ಚಾರ್ಜ್ ಮಾಡಿ ಚಾರ್ಜರ್ ಕೀಳಿ. ಒಮ್ಮೆ ರೀಸ್ಟಾರ್ಟ್ ಮಾಡಿ ಐದು ನಿಮಿಷ ಬಿಡಿ. ಏರ್‌ಪ್ಲೇನ್ ಮೋಡ್ ಹಾಕಿ. ವೈಫೈ, ಬ್ಲೂಟೂತ್ ತಾನಾಗೇ ಆರದಿದ್ದರೆ ಕೈಯಿಂದ ಆರಿಸಿ. ಗಂಟೆ, ಪರ್ಸೆಂಟ್ ಎರಡನ್ನೂ ಚೀಟಿಯಲ್ಲಿ ಬರೆದಿಡಿ. ನಾಳೆ ರಾತ್ರಿ ಅದೇ ಜಾಗ, ಅದೇ ಚಾರ್ಜ್, ಏರ್‌ಪ್ಲೇನ್ ಮೋಡ್ ಇಲ್ಲದೆ. ಒಂದು ರಾತ್ರಿಗೆ ಒಂದೇ ಬದಲಾವಣೆ. ಲೊಕೇಶನ್, ಸಿಂಕ್, ಬ್ಲೂಟೂತ್ ಎಲ್ಲ ಒಟ್ಟಿಗೆ ಆರಿಸಿ ಸರಿಹೋದರೆ ಕಳ್ಳ ಯಾರು ಅಂತ ಕೊನೆಗೂ ಗೊತ್ತಾಗಲ್ಲ.

ಇನ್ನೊಂದು. ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್‌ನಲ್ಲಿ ಸಿಗ್ನಲ್ ಸ್ಟ್ರೆಂತ್ ಡಿಬಿಎಂ ಲೆಕ್ಕದಲ್ಲಿ ಇರುತ್ತೆ. ಅಲ್ಲಿ ಸಿಗದಿದ್ದರೆ ಡಯಲರ್‌ನಲ್ಲಿ *#*#4636#*#* ಒತ್ತಿ ನೋಡಿ, ಹಲವು ಫೋನುಗಳಲ್ಲಿ ಟೆಸ್ಟಿಂಗ್ ಮೆನು ತೆರೆಯುತ್ತೆ. ಫೋನು ರಾತ್ರಿ ಎಲ್ಲಿ ಇರುತ್ತೋ ಅಲ್ಲೇ ನಿಂತು ಎರಡೂ ಸಿಮ್ಮಿನದು ಬರೆದುಕೊಳ್ಳಿ. 4ಜಿಯಲ್ಲಿ ಮೈನಸ್ 90 ಒಳ್ಳೆಯದು, ಮೈನಸ್ 110 ಬಡಕಲು, ಮೈನಸ್ 120 ಅಂದ್ರೆ ಉಸಿರು ಹಿಡಿದುಕೊಂಡಿದೆ.

ಇನ್ನೊಬ್ಬ ಸದಸ್ಯರು

ಇಷ್ಟೆಲ್ಲ ಯಾಕೆ ಅಣ್ಣಾ, ಒಂದು ಬ್ಯಾಟರಿ ಸೇವರ್ ಆ್ಯಪ್ ಹಾಕಿ ಮಲಗೋ ಮುಂಚೆ ರ್‍ಯಾಮ್ ಕ್ಲೀನ್ ಮಾಡಿದ್ರೆ ಆಯ್ತಲ್ಲ?

ಉತ್ತರ – ಆಂಡ್ರಾಯ್ಡ್ ಡೆವಲಪರ್

ರ್‍ಯಾಮಿನಲ್ಲಿ ಸುಮ್ಮನೆ ಕೂತ ಆ್ಯಪ್ ಕರೆಂಟ್ ತಿನ್ನಲ್ಲ. ರ್‍ಯಾಮ್ ತುಂಬಿರಲಿ, ಖಾಲಿ ಇರಲಿ, ಅದಕ್ಕೆ ಬೇಕಾದ ಕರೆಂಟ್ ಒಂದೇ. ನೀವು ಕೊಂದ ಆ್ಯಪ್ ಹತ್ತು ನಿಮಿಷಕ್ಕೆ ಮತ್ತೆ ಎದ್ದರೆ ಸ್ಟೋರೇಜಿನಿಂದ ಪೂರ್ತಿ ಓದಿಕೊಂಡು ಶುರುವಾಗಬೇಕು, ಖರ್ಚು ಅಲ್ಲಿ. ಇನ್ನು ಆ ಕ್ಲೀನರ್, ತಾನು ಸದಾ ಎಚ್ಚರ ಇರೋದಕ್ಕೆ ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್ ಅನುಮತಿ ಕೇಳಿ ಇಸಕೊಂಡಿರುತ್ತೆ. ಇದ್ದರೆ ತೆಗೆಯಿರಿ.

ಕೊಪ್ಪ ಸದಸ್ಯರು, ಮೂರು ದಿನದ ನಂತರ

ಚೀಟಿ ಲೆಕ್ಕ: ಏರ್‌ಪ್ಲೇನ್ ಮೋಡ್ ರಾತ್ರಿ 80ರಿಂದ 78. ಮಾಮೂಲಿ ರಾತ್ರಿ 81ರಿಂದ 49. ಸಿಗ್ನಲ್: ಒಂದನೇ ಸಿಮ್ ಮೈನಸ್ 108, ಎರಡನೇದು ಮೈನಸ್ 121, ಆಗಾಗ ನೋ ಸರ್ವಿಸ್ ತೋರಿಸಿ ಮತ್ತೆ ಬರುತ್ತೆ.

ಉತ್ತರ – ರಿಪೇರಿ ಟೇಬಲ್

ಕಳ್ಳ ಸಿಕ್ಕಿದ ಹಾಗೇ. ಏರ್‌ಪ್ಲೇನ್ ಮೋಡಿನಲ್ಲಿ 2 ಪರ್ಸೆಂಟ್ ಅಂದ್ರೆ ಬ್ಯಾಟರಿ, ಬೋರ್ಡ್ ಎರಡೂ ಆರೋಗ್ಯವಾಗಿವೆ. ತಿನ್ನುತ್ತಿರೋದು ರೇಡಿಯೊ, ಅಂದ್ರೆ ಫೋನಿನಲ್ಲಿ ಟವರ್ ಜೊತೆ ಮಾತಾಡುವ ಭಾಗ.

ಸಿಗ್ನಲ್ ಗಟ್ಟಿ ಇರುವ ಕಡೆ ಫೋನು ಟವರ್ ಹೇಳುವುದನ್ನು ಸೆಕೆಂಡಿಗೆ ಒಂದೆರಡು ಸಲ ಕಿವಿಗೊಟ್ಟು ಕೇಳಿ ಮತ್ತೆ ಮಲಗುತ್ತೆ. ಸಿಗ್ನಲ್ ಬಿಟ್ಟುಹೋದರೆ ತನಗೆ ಗೊತ್ತಿರುವ ಬ್ಯಾಂಡುಗಳನ್ನೆಲ್ಲ ಒಂದೊಂದಾಗಿ ತಡಕಾಡಬೇಕು. ಸಿಕ್ಕಿದ ಕೂಡಲೇ ಟವರಿಗೆ ಹಾಜರಿ ಹಾಕಬೇಕು, ದೂರದ ಟವರಾದ್ದರಿಂದ ಪೂರ್ತಿ ಗಂಟಲಲ್ಲಿ ಕೂಗಬೇಕು. 4ಜಿ ಫೋನು ಹೆಚ್ಚೆಂದರೆ 23 ಡಿಬಿಎಂ, ಅಂದ್ರೆ 200 ಮಿಲಿವಾಟ್ ಬಲದಲ್ಲಿ ಕಳಿಸಬಹುದು. ಅದನ್ನು ಕಳಿಸೋದಕ್ಕೆ ಆಂಪ್ಲಿಫೈಯರ್ ಬ್ಯಾಟರಿಯಿಂದ ಎಳೆಯೋದು ಅದಕ್ಕಿಂತ ಎಷ್ಟೋ ಜಾಸ್ತಿ. ಅಷ್ಟರಲ್ಲಿ ಸಿಗ್ನಲ್ ಮತ್ತೆ ಹೋಗುತ್ತೆ, ಮತ್ತೆ ಹುಡುಕಾಟ. ಗುಡ್ಡದ ಮರೆಯ ಮನೆಗಳಲ್ಲಿ ಇದು ಬೆಳಗಿನವರೆಗೂ ನಡೆಯುತ್ತೆ. ಚಿಕ್ಕಮಗಳೂರಿನಲ್ಲಿ ಚಾರ್ಜ್ ನಿಲ್ಲೋದೂ ಇದಕ್ಕೇ.

ಯಾವ ಆ್ಯಪ್ಪೂ 3 ದಾಟಿಲ್ಲ ಅಂದಿರಲ್ಲ, ಆ ಪುಟದಲ್ಲಿ ಆ್ಯಪ್ ಬದಲು ಸಿಸ್ಟಮ್ ಪಟ್ಟಿ ತೋರಿಸು ಅಂತ ಆರಿಸಿ. ಮೊಬೈಲ್ ನೆಟ್‌ವರ್ಕ್ ಅನ್ನುವ ಸಾಲು ಮೇಲೆ ಕೂತಿರಬೇಕು.

ಈ ಕ್ರಮದಲ್ಲಿ ಹೋಗಿ, ಒಂದಕ್ಕೆ ಒಂದು ರಾತ್ರಿ. ಮೊದಲು ಎರಡನೇ ಸಿಮ್ ಆಫ್ ಮಾಡಿ. ಕೀಳಬೇಕಿಲ್ಲ, ಸಿಮ್ ಸೆಟ್ಟಿಂಗಿನಲ್ಲೇ ಗುಂಡಿ ಇದೆ. ಆಮೇಲೆ ಒಂದನೇ ಸಿಮ್ಮಿಗೆ ಪ್ರಿಫರ್ಡ್ ನೆಟ್‌ವರ್ಕ್ ಟೈಪ್ 5ಜಿ ಬಿಡಿಸಿ 4ಜಿಗೆ ಇಡಿ. 5ಜಿ ಅಂಚಿನಲ್ಲಿರುವ ಮನೆಯಲ್ಲಿ ಫೋನು ಎರಡರ ನಡುವೆ ಓಲಾಡುತ್ತೆ. ಮೂರನೆಯದು ಫೋನು ಇಡುವ ಜಾಗ. ಗೋಡೆಯೊಳಗಿನ ಗೂಡು, ಕಬ್ಬಿಣದ ಬೀರು, ತಗಡಿನ ಮಾಡಿನ ಕೆಳಗಿನ ಅಟ್ಟ ಬೇಡ. ಟವರ್ ದಿಕ್ಕಿನ ಕಿಟಕಿಗೆ ತಂದರೆ ಮೈನಸ್ 108 ಇದ್ದದ್ದು ಮೈನಸ್ 100ಕ್ಕೆ ಬಂದರೂ ದೊಡ್ಡ ಲಾಭ, ಪ್ರತಿ 3 ಡಿಬಿಗೆ ಶಕ್ತಿ ದುಪ್ಪಟ್ಟು.

ಮನೆಗೆ ಫೈಬರ್ ಬಂದಿದೆಯಾ?

ಕೊಪ್ಪ ಸದಸ್ಯರು

ಬಂದಿದೆ ಸರ್, ಹೋದ ವರ್ಷ ಹಾಕಿಸಿದ್ವಿ. ರಾತ್ರಿ ಫೋನ್ ಬಂದರೆ ಎತ್ತಲೇಬೇಕು, ಊರಲ್ಲಿ ವಯಸ್ಸಾದ ಅಪ್ಪಯ್ಯ ಇದ್ದಾರೆ. ಏರ್‌ಪ್ಲೇನ್ ಮೋಡ್ ಹಾಕಿ ಮಲಗೋ ಹಾಗಿಲ್ಲ.

ಉತ್ತರ – ರಿಪೇರಿ ಟೇಬಲ್

ಹಾಗಾದರೆ ವೈಫೈ ಕಾಲಿಂಗ್, ಅಂದ್ರೆ ಟವರ್ ಬದಲು ಮನೆಯ ವೈಫೈ ಮೂಲಕವೇ ಕರೆ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಶುರು ಮಾಡಿದವು, ಪ್ರತ್ಯೇಕ ದುಡ್ಡಿಲ್ಲ. ಸಿಮ್ ಸೆಟ್ಟಿಂಗಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಆಮೇಲೆ ಏರ್‌ಪ್ಲೇನ್ ಮೋಡ್ ಹಾಕಿ, ಅದರ ಮೇಲೆ ವೈಫೈ ಮಾತ್ರ ಮತ್ತೆ ಆನ್ ಮಾಡಿ. ಮೇಲ್ಗಡೆ ವೈಫೈ ಜೊತೆ ಕರೆಯ ಗುರುತು ಬಂದರೆ ಬೇರೆ ಫೋನಿನಿಂದ ಕರೆ ಮಾಡಿ ರಿಂಗ್ ಆಗುತ್ತಾ ನೋಡಿ. ಆಗಲಿಲ್ಲ ಅಂದ್ರೆ ನಿಮ್ಮ ಮಾಡೆಲಿಗೆ ಈ ಉಪಾಯ ಇಲ್ಲ, ಏರ್‌ಪ್ಲೇನ್ ಮೋಡ್ ತೆಗೆದುಬಿಡಿ. ಕೆಲಸ ಮಾಡಿದರೂ ಒಂದು ಎಚ್ಚರಿಕೆ: ಕರೆಂಟ್ ಹೋಗಿ ರೂಟರ್ ಆರಿದರೆ ಕರೆ ಬರಲ್ಲ. ಅಪ್ಪಯ್ಯನ ವಿಷಯ ಇರೋದರಿಂದ ರೂಟರನ್ನೂ ಫೈಬರಿನ ಪೆಟ್ಟಿಗೆಯನ್ನೂ ಇನ್ವರ್ಟರ್ ಲೈನಿಗೆ ಹಾಕಿಸದೆ ಇದನ್ನು ನಂಬಬೇಡಿ. ಮಳೆಗಾಲದಲ್ಲಂತೂ ನಿಮ್ಮ ಕಡೆ ಕರೆಂಟಿನ ಕಥೆ ನಾನು ಹೇಳಬೇಕಿಲ್ಲ.

ಪ್ರಶ್ನೆ – ಹಾಸನದ ಸದಸ್ಯೆ

ನಾನೂ ಹೀಗೇ ಮಾಡಿ ನೋಡಿದೆ. ನಮ್ಮಲ್ಲಿ ಸಿಗ್ನಲ್ ಚೆನ್ನಾಗಿದೆ. ಏರ್‌ಪ್ಲೇನ್ ಮೋಡಿನಲ್ಲೂ 24 ಪರ್ಸೆಂಟ್ ಹೋಯ್ತು, ಬೆಳಿಗ್ಗೆ ಮುಟ್ಟಿದರೆ ಫೋನಿನ ಬೆನ್ನು ಬೆಚ್ಚಗಿತ್ತು.

ಉತ್ತರ – ಆಂಡ್ರಾಯ್ಡ್ ಡೆವಲಪರ್

ಬೆಚ್ಚಗಿದೆ ಅಂದ್ರೆ ಪ್ರೊಸೆಸರ್ ನಿದ್ದೆ ಮಾಡಿಲ್ಲ ಮೇಡಂ. 2015ರ ಆಂಡ್ರಾಯ್ಡ್ 6ರಿಂದ ಡೋಜ್ ಅನ್ನುವ ಏರ್ಪಾಡಿದೆ. ಸ್ಕ್ರೀನ್ ಆರಿ, ಚಾರ್ಜರ್ ಇಲ್ಲದೆ, ಅಲುಗಾಡದೆ ಬಿದ್ದ ಫೋನಿನಲ್ಲಿ ಆ್ಯಪ್‌ಗಳ ಕೆಲಸವನ್ನೆಲ್ಲ ಕಟ್ಟಿಟ್ಟು ಆಗೊಮ್ಮೆ ಈಗೊಮ್ಮೆ ಮಾತ್ರ ಅವಕಾಶ ಕೊಡುತ್ತೆ, ಹೊತ್ತು ಹೋದ ಹಾಗೆ ಆ ಅಂತರ ಹೆಚ್ಚಿಸುತ್ತೆ. ದಿಂಬಿನ ಕೆಳಗೆ ಇಟ್ಟರೆ ಮಗ್ಗಲು ಬದಲಿಸಿದಾಗಲೆಲ್ಲ ಇದು ಕೆಡುತ್ತೆ, ಅದು ಬಿಡಿ, ಅಲ್ಲಿ ಸೆಖೆಗೂ ಒಳ್ಳೆಯದಲ್ಲ. ನಿಮ್ಮ ಫೋನಿನಲ್ಲಿ ಯಾವುದೋ ಆ್ಯಪ್ ವೇಕ್‌ಲಾಕ್ ಹಿಡಿದಿದೆ. ಅಂದ್ರೆ, ಸ್ಕ್ರೀನ್ ಆರಿದ್ದರೂ ನನ್ನ ಕೆಲಸ ಮುಗಿದಿಲ್ಲ, ಮಲಗಬೇಡ ಅಂತ ಪ್ರೊಸೆಸರಿಗೆ ಹಾಕಿದ ಬೀಗ. ಕೆಲಸ ಮುಗಿದ ಮೇಲೆ ಬೀಗ ತೆಗೆಯೋದನ್ನು ಬರೆದವರು ಮರೆತಿರುತ್ತಾರೆ.

ಬ್ಯಾಟರಿ ಪುಟದ ಗ್ರಾಫ್ ಒಮ್ಮೆ ನೋಡಿ. ಜಾರುಬಂಡೆಯ ಹಾಗೆ ಒಂದೇ ಸಮ ಇಳಿದಿದ್ದರೆ ರಾತ್ರಿಯಿಡೀ ಹಿಡಿದ ಬೀಗ. ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದರೆ ಹೊತ್ತು ಗೊತ್ತಿರುವ ಕೆಲಸ. ರಾತ್ರಿ ಎರಡು ಗಂಟೆ ಹೊತ್ತಿಗೆ ಒಂದು ಸಣ್ಣ ಮೆಟ್ಟಿಲಿದ್ದರೆ ಹೆದರಬೇಡಿ, ವಾಟ್ಸಾಪ್ ದಿನಾ ರಾತ್ರಿ 2ಕ್ಕೆ ಬ್ಯಾಕಪ್ ಬರೆಯುತ್ತೆ.

ಈಗ ಸೆಟ್ಟಿಂಗ್ಸ್, ಆ್ಯಪ್ಸ್, ಸ್ಪೆಷಲ್ ಆ್ಯಕ್ಸೆಸ್, ಬ್ಯಾಟರಿ ಆಪ್ಟಿಮೈಸೇಶನ್ ತೆಗೆದು, ನಾಟ್ ಆಪ್ಟಿಮೈಸ್ಡ್ ಪಟ್ಟಿ ನೋಡಿ. ಡೋಜ್ ನಿಯಮದಿಂದ ವಿನಾಯ್ತಿ ಪಡೆದವರು ಇವರೇ. ಕೆಲವು ಕಂಪನಿಯ ಫೋನುಗಳಲ್ಲಿ ಇದರ ದಾರಿ ಬೇರೆ, ಸೆಟ್ಟಿಂಗ್ಸಿನ ಹುಡುಕುವ ಪೆಟ್ಟಿಗೆಯಲ್ಲಿ ಆಪ್ಟಿಮೈಸೇಶನ್ ಅಂತ ಹೊಡೆಯಿರಿ. ನನ್ನ ಅನುಮಾನ ಬೀಳೋದು ಕಾಲ್ ರೆಕಾರ್ಡರ್, ಹೆಜ್ಜೆ ಎಣಿಸುವ ಆ್ಯಪ್, ಅಗ್ಗದ ಸ್ಮಾರ್ಟ್‌ವಾಚಿನ ಜೊತೆ ಬರುವ ಆ್ಯಪ್ ಮೇಲೆ. ಬೇಡದ್ದನ್ನು ರಿಸ್ಟ್ರಿಕ್ಟೆಡ್ ಮಾಡಿ. ವಾಟ್ಸಾಪ್, ಬ್ಯಾಂಕ್, ಅಲಾರಂ ಮುಟ್ಟಬೇಡಿ; ಸಂದೇಶ ತಡವಾಗಿ ಬರುತ್ತೆ, ಬೈಗುಳ ನಮಗೆ ಬರುತ್ತೆ.

ಅದರಲ್ಲೂ ಸಿಗದಿದ್ದರೆ ಒಂದು ರಾತ್ರಿ ಸೇಫ್ ಮೋಡ್. ಪವರ್ ಮೆನುವಿನಲ್ಲಿ ಪವರ್ ಆಫ್ ಅನ್ನೋದನ್ನೇ ಒತ್ತಿ ಹಿಡಿದರೆ ಹೆಚ್ಚಿನ ಫೋನುಗಳಲ್ಲಿ ಕೇಳುತ್ತೆ. ನೀವು ಹಾಕಿಕೊಂಡ ಆ್ಯಪ್ ಯಾವುದೂ ಅದರಲ್ಲಿ ಏಳಲ್ಲ. ಅಲ್ಲಿ 2–3 ಪರ್ಸೆಂಟಿಗೆ ನಿಂತರೆ ತಪ್ಪು ನೀವು ಹಾಕಿದ್ದರಲ್ಲೇ ಇದೆ. ತೊಂದರೆ ಶುರುವಾದ ವಾರದಲ್ಲಿ ಹಾಕಿದ್ದನ್ನು ಮೊದಲು ತೆಗೆಯಿರಿ. ಹೊಸ ಆಂಡ್ರಾಯ್ಡ್ ಆವೃತ್ತಿ ಈಗಷ್ಟೇ ಇಳಿಸಿಕೊಂಡಿದ್ದರೆ ಮಾತ್ರ ಎರಡು-ಮೂರು ದಿನ ಕಾಯಿರಿ, ಅಪ್‌ಡೇಟ್ ಆದ ಮೇಲೆ ಆ್ಯಪ್‌ಗಳನ್ನೆಲ್ಲ ಮತ್ತೆ ಹದ ಮಾಡಿಕೊಳ್ಳುವ ಕೆಲಸ ಹಿಂದೆ ನಡೀತಾ ಇರುತ್ತೆ.

ಪ್ರಶ್ನೆ – ಐಫೋನ್ ಬಳಸುವವರು

ಐಫೋನಿಗೂ ಇದೇನಾ?

ಉತ್ತರ – ರಿಪೇರಿ ಟೇಬಲ್

ಏರ್‌ಪ್ಲೇನ್ ಮೋಡ್ ಪರೀಕ್ಷೆ ಅದೇ. ಬ್ಯಾಟರಿ ಪುಟದ ಗ್ರಾಫಿನಲ್ಲಿ ರಾತ್ರಿಯ ಗಂಟೆಯ ಮೇಲೆ ಬೆರಳಿಟ್ಟರೆ ಆ ಹೊತ್ತಿನಲ್ಲಿ ಯಾರು ತಿಂದರು ಅಂತ ತೋರಿಸುತ್ತೆ, ಸಿಗ್ನಲ್ ಇಲ್ಲದ್ದರಿಂದ ಹೋದದ್ದನ್ನೂ ಹೇಳುತ್ತೆ. ಬ್ಯಾಕ್‌ಗ್ರೌಂಡ್ ಆ್ಯಪ್ ರಿಫ್ರೆಶ್ ಬೇಡದ್ದಕ್ಕೆ ಆರಿಸಿ. ಬ್ಯಾಟರಿ ಹೆಲ್ತ್ 80ಕ್ಕಿಂತ ಕೆಳಗಿದ್ದರೆ ಬದಲಿಸುವ ಮಾತಾಡಬಹುದು.

ಪ್ರಶ್ನೆ – ಕುಂದಾಪುರದ ಸದಸ್ಯರು

ನಮ್ಮದು ವಿಚಿತ್ರ ಮಾರ್ರೆ. ಫೋನ್ ಸ್ವಿಚ್ ಆಫ್ ಮಾಡಿ ಮಲಗಿದರೂ ಬೆಳಿಗ್ಗೆ 12 ಪರ್ಸೆಂಟ್ ಕಮ್ಮಿ. ಆಫ್ ಆದ ಮೇಲೆ ತಿನ್ನೋದು ಯಾರು?

ಉತ್ತರ – ರಿಪೇರಿ ಟೇಬಲ್

ಒಂದೆರಡು ಪರ್ಸೆಂಟ್ ಆದರೆ ಆನ್ ಆಗುವಾಗ ಹೋದದ್ದು ಅನ್ನಬಹುದಿತ್ತು. ಹನ್ನೆರಡು ಹೋಗಿದೆ ಅಂದ್ರೆ ಸೆಟ್ಟಿಂಗ್ ಬದಲಿಸಿ ಪ್ರಯೋಜನ ಇಲ್ಲ. ಮೊದಲು ಒಂದು ಅನುಮಾನ ತೀರಿಸಿಕೊಳ್ಳಿ: ಆಫ್ ಮಾಡದೆ ಹಗಲಲ್ಲೇ ಒಮ್ಮೆ ರೀಸ್ಟಾರ್ಟ್ ಮಾಡಿ. 60 ಇದ್ದದ್ದು ರೀಸ್ಟಾರ್ಟಿನ ಕೂಡಲೇ 48 ತೋರಿಸಿದರೆ ರಾತ್ರಿ ಏನೂ ಸೋರಿಲ್ಲ, ಬ್ಯಾಟರಿ ಸವೆದು ಮೀಟರಿಗೆ ಲೆಕ್ಕ ಸಿಗುತ್ತಿಲ್ಲ. 30–35ರಲ್ಲಿ ಇದ್ದಕ್ಕಿದ್ದಂತೆ ಆಫ್ ಆಗೋದೂ ಅದೇ ಜಾತಿ. ಆಗ ಬ್ಯಾಟರಿ ಬದಲಿಸೋದೇ ಸರಿ. ಅದೇ ಅಳತೆಯ ಬ್ಯಾಟರಿಗೆ ಮೇಲೆ 6500 ಅಂತ ಚೀಟಿ ಅಂಟಿಸಿ ಮಾರಿದರೆ ತಗೋಬೇಡಿ. ಫೋನನ್ನು ಮಟ್ಟಸ ಗಾಜಿನ ಮೇಲೆ ಅಂಗಾತ ಇಟ್ಟು ಮೂಲೆ ತಳ್ಳಿದರೆ ಬುಗುರಿ ಹಾಗೆ ತಿರುಗುತ್ತಾ ಅಂತಲೂ ನೋಡಿ. ತಿರುಗಿದರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಒತ್ತಬೇಡಿ, ಚಾರ್ಜಿಗೆ ಹಾಕಬೇಡಿ.

ರೀಸ್ಟಾರ್ಟಿನಲ್ಲಿ ಪರ್ಸೆಂಟ್ ಅಲ್ಲಾಡದಿದ್ದರೆ ಬೋರ್ಡಿನಲ್ಲಿ ಸೋರಿಕೆ. ಕರಾವಳಿಯಲ್ಲಿ ನಾನು ಮೊದಲು ನೋಡೋದು ಚಾರ್ಜಿಂಗ್ ಪೋರ್ಟ್. ಟಾರ್ಚ್ ಬಿಟ್ಟು ನೋಡಿ, ಪಿನ್ನುಗಳ ಮೇಲೆ ಹಸಿರು ಅಥವಾ ಬಿಳಿ ಕಿಲುಬಿದ್ದರೆ ಉಪ್ಪು ತೇವ ಕೂತಿದೆ. ಫೋನ್ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಅರ್ಧ ಗಂಟೆ ಒಣಗಲು ಬಿಡಿ. ಗುಂಡುಸೂಜಿ ಹಾಕಬೇಡಿ, ಎರಡು ಪಿನ್ನು ತಾಗಿದರೆ ಇದ್ದದ್ದೂ ಹೋಗುತ್ತೆ.

ಆಮೇಲೂ ಹಾಗೇ ಇದ್ದರೆ ಡಿಸಿ ಪವರ್ ಸಪ್ಲೈ ಇರುವ ಅಂಗಡಿಗೇ ಕೊಂಡುಹೋಗಿ. ಬ್ಯಾಟರಿ ಬಿಚ್ಚಿ, ಅದರ ಜಾಗಕ್ಕೆ ಸಪ್ಲೈಯಿಂದ 4 ವೋಲ್ಟ್ ಕೊಟ್ಟು, ಪವರ್ ಗುಂಡಿ ಒತ್ತದೆ ಮೀಟರ್ ನೋಡಲು ಹೇಳಿ. ಸೊನ್ನೆಯ ಹತ್ತಿರ ಇರಬೇಕು. 5000ದ ಬ್ಯಾಟರಿಯಲ್ಲಿ ಎಂಟು ಗಂಟೆಗೆ 12 ಪರ್ಸೆಂಟ್ ಅಂದ್ರೆ 75 ಮಿಲಿಆಂಪ್, ಮೀಟರಿನಲ್ಲಿ ಕಂಡೇ ಕಾಣುತ್ತೆ. ಆಗ ಮೊದಲು ಚಾರ್ಜಿಂಗ್ ಪೋರ್ಟ್ ಇರುವ ಸಣ್ಣ ಬೋರ್ಡಿನ ಕೇಬಲ್ ಪಟ್ಟಿ ಬಿಚ್ಚಿಸಿ. ಮೀಟರ್ ಸೊನ್ನೆಗೆ ಬಿದ್ದರೆ ಆ ಸಣ್ಣ ಬೋರ್ಡೊಂದೇ ಬದಲಿಸಿದರೆ ಸಾಕು. ಬೀಳದಿದ್ದರೆ ಡಿಸ್‌ಪ್ಲೇ, ಕ್ಯಾಮೆರಾ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಬೇಕು. ಎಲ್ಲ ಬಿಚ್ಚಿದ ಮೇಲೂ 75 ಹಾಗೇ ನಿಂತಿದ್ದರೆ ಕೆಟ್ಟಿರೋದು ಮುಖ್ಯ ಬೋರ್ಡಿನ ಕೆಪಾಸಿಟರ್ ಅಥವಾ ಪವರ್ ಐಸಿ (ಕರೆಂಟ್ ಹಂಚುವ ಚಿಪ್). ಅದಕ್ಕೆ ಕೈ ಹಾಕುವ ಮುಂಚೆ ಡೇಟಾ ಬ್ಯಾಕಪ್ ಮಾಡಿಕೊಂಡಿದ್ದೀರಾ ಅಂತ ಅಂಗಡಿಯವರು ಕೇಳಬೇಕು. ಕೇಳದಿದ್ದರೆ ಅಲ್ಲಿ ಫೋನು ಕೊಡಬೇಡಿ.

ಕೊಪ್ಪ ಸದಸ್ಯರು

ಸರ್, ಎರಡನೇ ಸಿಮ್ ಆಫ್ ಮಾಡಿದ ರಾತ್ರಿ 80ರಿಂದ 69. 4ಜಿಗೆ ಇಟ್ಟು ಕಿಟಕಿ ಪಕ್ಕ ಇಟ್ಟ ಮೇಲೆ 80ರಿಂದ 74. ಎರಡನ್ನೂ ಒಂದೇ ರಾತ್ರಿ ಮಾಡಿಬಿಟ್ಟೆ, ಬೈಬೇಡಿ. ಇನ್ವರ್ಟರ್ ಲೈನ್ ಎಳೆಸಿದ ಮೇಲೆ ವೈಫೈ ಕಾಲಿಂಗ್ ನೋಡ್ತೀನಿ.